ಕವಚವಿಲ್ಲದ ಕಟರ್, ನಾನೂರರ ಪೆಟ್ಟಿಗೆ

ಒಂದೇ ಮನೆಯಲ್ಲಿ ಎರಡು ಕಸುಬು ನಡೆದರೆ ಜಾಗಕ್ಕೆ ಜಟಾಪಟಿ ತಪ್ಪಿದ್ದಲ್ಲ. ಈ ಮನೆಯಲ್ಲಿ ಹೆಂಡತಿ ಬಟ್ಟೆ ಹೊಲಿಯುವವಳು, ಗಂಡ ಸೈಕಲ್ ರಿಪೇರಿಯವನು. ಹಿಂದಿನ ತಗಡಿನ ಚಾವಣಿಯ ಕೆಳಗೆ ಅರ್ಧ ಜಾಗದಲ್ಲಿ ಅವನ ಚಕ್ರಗಳು, ಇನ್ನರ್ಧದಲ್ಲಿ ಅವಳ ಚಿಂದಿ ಮೂಟೆಗಳು.

ಅವಳಿಗೆ ಅನುಮಾನ ಹುಟ್ಟುಗುಣ. ದಾರದ ಉಂಡೆಯನ್ನೂ ಎಳೆದು ನೋಡದೆ ಕೊಂಡವಳಲ್ಲ. ಯಾವ ಗಿರಾಕಿಯ ಬಟ್ಟೆಯೇ ಇರಲಿ, ಮೊದಲು ಅದರ ಚೂರಿನ ಮೇಲೆ ಒಂದು ಗೆರೆ ಹೊಲಿದು, ಜಗ್ಗಿ ನೋಡಿದ ಮೇಲೇ ಕತ್ತರಿ ಹಿಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಗಂಡ ಹಿಂಬಾಗಿಲಿನಿಂದ ಬಂದ. ಹೆಗಲಿಗೆ ಒಂದು ಪೆಟ್ಟಿಗೆ, ಕೈಯಲ್ಲಿ ಒಂದು ಚೀಲ. ಮುಂಬಾಗಿಲು ಬಿಟ್ಟು ಬಂದಾಗಲೇ ಅವಳ ಮೂಗು ವಾಸನೆ ಹಿಡಿಯಿತು.

"ಏನ್ರೀ ಅದು?"

"ವೆಲ್ಡಿಂಗ್ ಮೆಷಿನ್ನು. ಚೀಲದಲ್ಲಿರೋದು ಕಬ್ಬಿಣ ಕೊಯ್ಯೋ ಕಟರ್. ನೋಡೋಕೆ ಅಂತ ಕೊಟ್ಟಿದ್ದಾರೆ, ಬೇಡ ಅಂದ್ರೆ ವಾಪಸ್. ಇನ್ಮೇಲೆ ಕ್ಯಾರಿಯರ್, ಸ್ಟ್ಯಾಂಡು ಎಲ್ಲ ಇಲ್ಲೇ ಮಾಡ್ತೀನಿ."

"ಬೀದೀಲಿ ಹೋಗೋ ಮಾರೀನ ಮನೆಗೆ ಕರೆದಂಗಾಯ್ತು." ಅವಳು ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿದಳು. "ನಾನೂರು ಆಂಪ್ ಅಂತ ಬರ್ದಿದೆ. ನೋಡಿದ್ರೆ ನಮ್ಮ ಅಕ್ಕಿ ಡಬ್ಬದಷ್ಟೂ ಭಾರ ಇಲ್ಲ. ಯಾರು ಹೇಳಿದ್ದು ತರೋಕೆ? ನಿಮ್ಮಕ್ಕ ತಾನೇ ಕಿವಿ ಊದಿದ್ದು?"

ಅವನ ಅಕ್ಕ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಹನ್ನೆರಡು ವರ್ಷದಿಂದ ವೆಲ್ಡಿಂಗ್ ಮಾಡುವವಳು. ಅತ್ತಿಗೆಯನ್ನೇ ಕರೆಸಿ ವಿಚಾರಿಸೋಣ ಎಂದು ಇವಳು ಫೋನು ಮಾಡಿದಳು. ಅತ್ತಿಗೆ ಕೆಲಸದ ಬಟ್ಟೆಯಲ್ಲೇ ಬಂದಳು.

"ಹಗುರ ಅನ್ನೋದು ತಪ್ಪಲ್ಲ ಕಣೇ, ಈಗಿನ ಇನ್ವರ್ಟರ್ ಮೆಷಿನ್ನೆಲ್ಲ ಹಗುರಾನೇ. ತಪ್ಪಿರೋದು ಈ ನಾನೂರರಲ್ಲಿ," ಎಂದು ಪೆಟ್ಟಿಗೆಯನ್ನು ಹಿಂದುಮುಂದಾಗಿ ತಿರುಗಿಸಿದಳು. "ಹಿಂದೆ ಒಂದು ಪಟ್ಟಿ ಇರಬೇಕು. ನಿಜವಾಗಿ ಎಷ್ಟು ಆಂಪ್ ಕೊಡುತ್ತೆ, ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಎಡೆಬಿಡದೆ ದುಡಿಯುತ್ತೆ, ಎರಡೂ ಅದರಲ್ಲಿ ಬರ್ದಿರುತ್ತೆ. ಇಲ್ಲಿ ಬರೀ ಬಣ್ಣದ ಸ್ಟಿಕ್ಕರು."

"ನಿಮಗೆ ಬೇರೆ ಯಾವುದೋ ಅಂಗಡಿ ಮೇಲೆ ಪ್ರೀತಿ ಇರಬೇಕು," ಎಂದಳು ಹೆಂಡತಿ, ಅತ್ತಿಗೆಯ ಮೇಲೂ ಅನುಮಾನ ಬಿಡದೆ.

ಅತ್ತಿಗೆ ಬೇಜಾರು ಮಾಡಿಕೊಳ್ಳಲಿಲ್ಲ. "ನನ್ನನ್ನೂ ನಂಬಬೇಡ. ನೀನು ಬಟ್ಟೆ ಚೂರಿನ ಮೇಲೆ ಹೊಲಿದು ನೋಡಲ್ವಾ? ಹಂಗೇ ಕಬ್ಬಿಣದ ಚೂರಿನ ಮೇಲೆ ಬೆಸೆದು ನೋಡು."

ಇವರು ಮಾತಾಡುವಷ್ಟರಲ್ಲಿ ಗಂಡ ಕಟರ್ ತೆಗೆದು ಪ್ಲಗ್ ಸಿಕ್ಕಿಸಿದ್ದ. ಅದರ ಕುತ್ತಿಗೆಯ ಸುತ್ತ ಏನೋ ಕಳಚಿದ ಹೊಸ ಗೀರು ಹೆಂಡತಿಯ ಕಣ್ಣಿಗೆ ಬಿತ್ತು.

"ಇಲ್ಲೇನೋ ಇತ್ತಲ್ಲ?"

"ಕವಚ. ಅಂಗಡಿಯವರೇ ಬಿಚ್ಚಿ ಕೊಟ್ರು. ಅದಿದ್ರೆ ಕಬ್ಬಿಣ ಕೊಯ್ಯೋ ಈ ದೊಡ್ಡ ಬಿಲ್ಲೆ ಕೂರಲ್ಲ. ದೊಡ್ಡದಾದ್ರೆ ಬೇಗ ಕೊಯ್ಯುತ್ತೆ."

ಅತ್ತಿಗೆ ಪ್ಲಗ್ ಕಿತ್ತಳು. ಆಮೇಲೆ ಕಟರನ್ನು ತಮ್ಮನ ಹೆಂಡತಿಯ ಕೈಗಿಟ್ಟಳು. "ನೀನೇ ಓದು. ಬಿಲ್ಲೆ ಮೇಲೆ ಎಷ್ಟಿದೆ, ಮೆಷಿನ್ ಮೇಲೆ ಎಷ್ಟಿದೆ?"

"ಬಿಲ್ಲೆ ನಿಮಿಷಕ್ಕೆ ಎಂಟೂವರೆ ಸಾವಿರ ಸುತ್ತು. ಮೆಷಿನ್ನು ಹನ್ನೊಂದು ಸಾವಿರ."

"ಬಿಲ್ಲೆ ತಡ್ಕೊಳ್ಳೋದಕ್ಕಿಂತ ಜೋರಾಗಿ ಇದು ತಿರುಗಿಸುತ್ತೆ. ಒಡೆದರೆ ಚೂರು ತಡೆಯೋಕೆ ಕವಚಾನೂ ಇಲ್ಲ. ಎದುರಿಗಿರೋದು ಇವನ ಮುಖ."

ಹೆಂಡತಿ ಗಂಡನ ಮುಖ ನೋಡಿದಳು. ಗಲ್ಲದ ಮೇಲೆ ಗ್ರೀಸು ಮೆತ್ತಿಕೊಂಡು ಅವನು ಪೆಚ್ಚಾಗಿ ನಿಂತಿದ್ದ. ಅವಳು ಬಯ್ಯಲಿಲ್ಲ, ಸೆರಗಿನಿಂದ ಆ ಗ್ರೀಸು ಒರೆಸಿದಳು. "ನಡೀರಿ ಅಂಗಡಿಗೆ," ಎಂದಳು.

ಅಂಗಡಿಯವನ ಬಾಯಲ್ಲಿ ಬೆಲ್ಲ ಸುರಿಯುತ್ತಿತ್ತು. "ನಾನೂರು ಆಂಪ್ ಕಣಮ್ಮ, ಹಡಗು ಬೇಕಾದ್ರೂ ಬೆಸೀಬಹುದು."

"ಹಡಗು ನಮ್ಮ ಓಣೀಲಿ ತಿರುಗಲ್ಲ. ಸೈಕಲ್ ಕ್ಯಾರಿಯರ್ ಆದ್ರೆ ಸಾಕು. ಇಲ್ಲೇ ಹಚ್ಚಿ ತೋರ್ಸಿ."

ಅತ್ತಿಗೆ ಇಬ್ಬರಿಗೂ ಕಪ್ಪು ಗಾಜಿನ ಮುಖವಾಡ ಕೊಟ್ಟು, ತಾನೂ ಒಂದು ಹಾಕಿಕೊಂಡು, ಕಬ್ಬಿಣದ ಚೂರುಗಳ ಮೇಲೆ ಬೆಸೆಯತೊಡಗಿದಳು. ಮೊದಲ ಬೆಸುಗೆ ಕಡ್ಡಿ ಹೇಗೋ ಉರಿಯಿತು. ಎರಡನೆಯದು ಅರ್ಧಕ್ಕೇ ಅಂಟಿಕೊಂಡಿತು. ಬಿಸಿ ಮಿತಿಮೀರಿತೆಂದು ಹಳದಿ ದೀಪ ಹತ್ತಿ ಪೆಟ್ಟಿಗೆ ನಿಂತುಹೋಯಿತು.

"ಸ್ವಲ್ಪ ಸುಸ್ತಾಗಿದೆ ಅಷ್ಟೆ," ಎಂದ ಅಂಗಡಿಯವನು.

"ಎರಡನೇ ಕಡ್ಡಿಗೇ ಸುಸ್ತಾದ್ರೆ ಅದು ಮೆಷಿನ್ನಲ್ಲ, ನಮ್ಮ ಮಾವನೋರು," ಎಂದಳು ಹೆಂಡತಿ. ಅತ್ತಿಗೆಗೂ ನಗು ತಡೆಯಲಾಗಲಿಲ್ಲ, ಮಾವ ಅವಳ ಅಪ್ಪನೇ ಆದರೂ.

ಕೊನೆಗೆ ಮೇಲಿನ ಗೂಡಿನಿಂದ ಇನ್ನೂರು ಆಂಪಿನ ಸಾದಾ ಮೆಷಿನ್ ಕೆಳಗಿಳಿಯಿತು. ಹಿಂದೆ ಪಟ್ಟಿ ಇತ್ತು, ಜೊತೆಗೆ ವಾರಂಟಿ ಚೀಟಿ. ಸಾಲಾಗಿ ನಾಲ್ಕು ಕಡ್ಡಿ ಉರಿಯಿತು. ಬೆಸೆದ ಚೂರು ಆರಿದ ಮೇಲೆ ಹೆಂಡತಿ ಅದನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ ಸುತ್ತಿಗೆಯಿಂದ ಬಡಿದಳು. ಕಬ್ಬಿಣ ಬಾಗಿತು, ಬೆಸುಗೆ ಬಿಡಲಿಲ್ಲ. ಕಟರಿಗೆ ಕವಚ ಹಾಕಿಸಿ, ಅದರ ಅಳತೆಗೆ ತಕ್ಕ ನಾಲ್ಕು ಇಂಚಿನ ಬಿಲ್ಲೆಗಳನ್ನು, ಮೇಲಿನ ಸುತ್ತಿನ ಅಂಕಿ, ಅವಧಿ ಮುಗಿಯುವ ತಾರೀಕು ಎರಡನ್ನೂ ನೋಡಿಯೇ ಆರಿಸಿದಳು. ಮುಖವಾಡ, ಕಟರ್ ಹಿಡಿಯುವಾಗಿನ ಕನ್ನಡಕ, ಚರ್ಮದ ಕೈಗವಸು ಎಲ್ಲ ಅದೇ ಚೀಟಿಯಲ್ಲಿ ಬರೆಸಿದಳು.

ಮನೆಗೆ ಬಂದವಳೇ, "ಕಿಡಿ ಎಷ್ಟು ದೂರ ಹಾರುತ್ತೆ?" ಎಂದು ಕೇಳಿದಳು.

"ಹದಿನೈದು ಹೆಜ್ಜೆ ಅಂತ ಇಟ್ಕೋ," ಎಂದಳು ಅತ್ತಿಗೆ.

ಹೆಂಡತಿ ಹೆಜ್ಜೆ ಹಾಕಿ ಎಣಿಸಿದಳು. ಚಿಂದಿ ಮೂಟೆಗಳು ಆರನೆಯ ಹೆಜ್ಜೆಯಲ್ಲೇ ಇದ್ದವು. ಅವಳು ಒಂದೊಂದಾಗಿ ಒಳಕೋಣೆಗೆ ಎಳೆದಳು. ಗಂಡ ಬಂದು ಇನ್ನೊಂದು ತುದಿ ಹಿಡಿದ. ಮರುದಿನ ಲೈನ್‌ಮನ್ ಬಂದು ದಪ್ಪ ತಂತಿಯ ಪ್ರತ್ಯೇಕ ಲೈನು, ಅರ್ಥಿಂಗು ಮಾಡಿಕೊಟ್ಟ. ಅವಳು ಗಂಡನಿಗೆ ದಪ್ಪ ಹತ್ತಿಬಟ್ಟೆಯ ತುಂಬುತೋಳಿನ ಅಂಗಿ ಹೊಲಿದಳು. ಕಿಡಿ ಕೂರದಿರಲೆಂದು ಅದಕ್ಕೆ ಜೇಬು ಇಡಲಿಲ್ಲ.

ಮೊದಲ ಕ್ಯಾರಿಯರ್ ಮುಗಿದ ದಿನ ಅತ್ತಿಗೆ ಕೇಳಿದಳು, "ಈಗಾದ್ರೂ ಅನುಮಾನ ಹೋಯ್ತಾ?"

"ಎಲ್ಲಿ ಹೋಗುತ್ತೆ? ದಿನಾ ಇವರು ಪ್ಲಗ್ ಹಾಕೋ ಮುಂಚೆ ನಾನೇ ಕವಚ ಅಲ್ಲಾಡಿಸಿ ನೋಡ್ತೀನಿ. ಇವರು ಮುಖವಾಡ ತೆಗೆದಾಗ ಹಿಂದೆ ಅದೇ ಮುಖ ಇರಬೇಕಲ್ಲ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಗೂ ಇಂಥ ಮೆಷಿನ್ ಬರುವುದಿದ್ದರೆ ನೀವೂ ಹೀಗೆ ಅನುಮಾನ ಪಡಿ. ಮುಂದಿನ ದೊಡ್ಡ ಅಂಕಿ ಬಿಟ್ಟು ಹಿಂದಿನ ಪಟ್ಟಿ ಓದಿ. ಅಂಗಡಿಯಲ್ಲೇ ಹಚ್ಚಿಸಿ, ಬಡಿದು ನೋಡಿ. ಬಿಲ್ಲೆಯ ಅಂಕಿ ಮೆಷಿನ್ನಿನ ಅಂಕಿಗಿಂತ ಕಡಿಮೆ ಇದ್ದರೆ ಮುಟ್ಟಬೇಡಿ. ಕವಚ ಬಿಚ್ಚಿ ಕೊಡುವವನು ಎಷ್ಟೇ ನಗುನಗುತ್ತಾ ಮಾತಾಡಲಿ, ಅದನ್ನು ಮತ್ತೆ ಹಾಕಿ ಕೊಡದಿದ್ದರೆ ಅವನ ಅಂಗಡಿ ಮೆಟ್ಟಿಲು ಇಳಿದುಬನ್ನಿ. ಮೆಷಿನ್ ಕೆಟ್ಟರೆ ಇನ್ನೊಂದು ಸಿಗುತ್ತದೆ. ಕಣ್ಣಿಗೆ ಬದಲಿ ಕಣ್ಣು ಯಾವ ಅಂಗಡಿಯಲ್ಲೂ ಇಲ್ಲ.