ಅಪ್ಪ ಮುನಿಸಿಕೊಂಡು ಹೋಗುತ್ತಿದ್ದ ದಾರಿ

ಓಪಲ್ ಒಮ್ಮೆ ಮರಕ್ಕೆ ಬೆನ್ನು ಕೊಟ್ಟು ಕೂತಳೆಂದರೆ ಮುಗಿಯಿತು, ಜಪ್ಪಯ್ಯ ಎಂದರೂ ಏಳುವವಳಲ್ಲ. ಅವಳ ತಮ್ಮ ಹರ್ಶೆಲ್ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಅರವತ್ತಾರು ತುಂಬಿದರೂ ಒಂದು ಕಡೆ ಐದು ನಿಮಿಷ ಕೂರಲಾರ. ಇಂಥ ಇಬ್ಬರು ಮಿಸೌರಿಯ ಗುಡ್ಡಗಾಡಿನಲ್ಲಿ ಒಂದೇ ಓಕ್ ಮರದ ಬುಡದಲ್ಲಿ ಬೆಳಗಿನಿಂದ ಕೂತಿದ್ದಾರೆ ಎಂದರೆ ಅದಕ್ಕೆ ತೀರಿಹೋದ ಅಪ್ಪನ ಕಟ್ಟಳೆಯೇ ಕಾರಣ.

ಅಪ್ಪ ಕೈಯಾರೆ ಕೆತ್ತಿದ ಸೀಡರ್ ಮರದ ಪುಟ್ಟ ಪೆಟ್ಟಿಗೆಯೊಂದಿತ್ತು. ಅದರ ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ಥೇಟ್ ಹೆಣ್ಣು ಟರ್ಕಿ ಕೋಳಿಯ ದನಿ. ಅಪ್ಪನ ಕಟ್ಟಳೆಯಂತೆ, ಆಯಾ ವಸಂತದಲ್ಲಿ ಕಾಡು ಟರ್ಕಿಯ ಹುಂಜ ಹೊಡೆದವರ ಮನೆಯಲ್ಲಿ ವರ್ಷಪೂರ್ತಿ ಪೆಟ್ಟಿಗೆ ಇರಬೇಕು. ಇಬ್ಬರೂ ಹೊಡೆಯದಿದ್ದರೆ ಇದ್ದಲ್ಲೇ ಇರಬೇಕು. ಆದರೆ ಬೇಟೆಯ ಕಾಲದ ಕೊನೆಯ ದಿನ ಮಾತ್ರ ಪೆಟ್ಟಿಗೆ ಇಟ್ಟುಕೊಂಡವರು ಕೋವಿ ಮುಟ್ಟದೆ ಇನ್ನೊಬ್ಬರಿಗಾಗಿ ಹಕ್ಕಿ ಕರೆಯಬೇಕು. ಹನ್ನೊಂದು ವರ್ಷದಿಂದ ಅದು ಹರ್ಶೆಲನ ಮನೆಯಲ್ಲೇ ಇತ್ತು. ಅಪ್ಪನ ಹೆಬ್ಬೆಟ್ಟು ಸವೆಸಿದ ಆ ಮುಚ್ಚಳ ಒಂದೇ ಒಂದು ವರ್ಷ ತನ್ನ ಮನೆಯಲ್ಲಿರಲಿ ಎಂದು ಓಪಲ್‌ಗೆ ಜೀವ ಬಿಡುವಷ್ಟು ಆಸೆ. ಇವತ್ತೇ ಕೊನೆಯ ದಿನ. ಮಧ್ಯಾಹ್ನ ಒಂದು ಗಂಟೆ ಹೊಡೆದರೆ ಕಾನೂನಿನ ಪ್ರಕಾರ ಬೇಟೆ ಬಂದ್. ಈಗಾಗಲೇ ಹನ್ನೆರಡೂ ಇಪ್ಪತ್ತು.

ಹಳ್ಳದ ಆಚೆ ದಂಡೆಯಲ್ಲಿ ಹುಂಜ ಮತ್ತೆ ಗುಳುಗುಳು ಎಂದಿತು. ಎರಡು ತಾಸಿನಿಂದ ಇದೇ ಆಟ. ಪೆಟ್ಟಿಗೆಗೆ ಉತ್ತರ ಕೊಡುತ್ತದೆ, ಒಂದು ಹೆಜ್ಜೆ ಈಚೆ ಇಡುವುದಿಲ್ಲ.

"ಏಳಕ್ಕಾ," ಹರ್ಶೆಲ್ ಪಿಸುಗುಟ್ಟಿದ. "ಅದು ಹಳ್ಳ ದಾಟಲ್ಲ. ಬೇಕಿದ್ರೆ ಹೆಣ್ಣೇ ಬರ್ಲಿ ಅಂತ ಅದಕ್ಕೆ ಜಂಬ. ಕೆಳಗಡೆಯಿಂದ ಸುತ್ಕೊಂಡು ನಾವೇ ಹೋಗೋಣ."

"ಸುಮ್ನೆ ಕೂತ್ಕೊಳೋ. ಬರುತ್ತೆ."

"ಬೆಳಗ್ಗೆಯಿಂದ ಬರುತ್ತೆ ಬರುತ್ತೆ ಅಂತಾನೇ ಇದೀಯ. ನಿನ್ ಮೇಲೆ ಅಣಬೆ ಹುಟ್ಟುತ್ತೆ ನೋಡು!"

"ಒಣಗಿದ ಎಲೆ ಮೇಲೆ ನೀನು ದಪದಪ ನಡೆದ್ರೆ ಅದು ಪಕ್ಕದ ಜಿಲ್ಲೆಗೇ ಹಾರಿಹೋಗುತ್ತೆ. ನಿನಗೂ ಅದೇ ಬೇಕಲ್ವಾ? ಪೆಟ್ಟಿಗೆ ನಿನ್ನ ಹತ್ರಾನೇ ಉಳಿಯುತ್ತಲ್ಲ!"

ಆಡಿದ ಮೇಲೆ ಓಪಲ್ ನಾಲಿಗೆ ಕಚ್ಚಿಕೊಂಡಳು. ಹರ್ಶೆಲನ ಮುಖ ಕೆಂಪಾಯಿತು.

"ನನ್ನ ಇಷ್ಟೇನಾ ತಿಳ್ಕೊಂಡಿದ್ದು ನೀನು?" ಎಂದವನೇ ಪೆಟ್ಟಿಗೆ ಎತ್ತಿಕೊಂಡು ಗುಡ್ಡದ ಕಡೆ ಹೊರಟೇಬಿಟ್ಟ.

ಥೇಟ್ ಅಪ್ಪ! ಅಪ್ಪನೂ ಪ್ರತಿ ವಸಂತದಲ್ಲೂ ಇದೇ ಕಾಡಿನಲ್ಲಿ ಅಮ್ಮನನ್ನು ಮರದ ಬುಡದಲ್ಲಿ ಬಿಟ್ಟು, ಇದೇ ಪೆಟ್ಟಿಗೆ ಎತ್ತಿಕೊಂಡು ಹೀಗೇ ಗುಡ್ಡ ಹತ್ತಿ ಹೋಗುತ್ತಿದ್ದ. ಟ್ರಕ್ಕಿನೊಳಗೆ ಕೂತು ನೋಡುತ್ತಿದ್ದ ಹರ್ಶೆಲ್ ಆಗ ಪುಟ್ಟ ಹುಡುಗ. ಅಪ್ಪ ಅಮ್ಮನನ್ನು ಬಿಟ್ಟುಹೋದ ಎಂದು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅಕ್ಕ ಕೈ ಹಿಡಿದುಕೊಂಡು ಸಮಾಧಾನ ಮಾಡುತ್ತಿದ್ದಳು. ಆಮೇಲೆ ಅಪ್ಪ, ಅಮ್ಮ ಇಬ್ಬರೂ ಹಕ್ಕಿ ಹೊತ್ತು ನಗುತ್ತಲೇ ಬರುತ್ತಿದ್ದರು. ದೊಡ್ಡವರ ಜಗಳ ದೊಡ್ಡವರಿಗೇ ಅರ್ಥವಾಗಬೇಕು ಎಂದು ಮಕ್ಕಳು ಸುಮ್ಮನಾಗಿದ್ದರು.

ಹರ್ಶೆಲ್ ಹೋದ ದಿಕ್ಕಿನಿಂದ ಪೆಟ್ಟಿಗೆಯ ದನಿ ಬಂತು. ಹೋಗುವಾಗಲೂ ಕೈ ಸುಮ್ಮನಿಲ್ಲ ಪುಣ್ಯಾತ್ಮನದು. ಸಿಟ್ಟನ್ನೆಲ್ಲ ಮುಚ್ಚಳದ ಮೇಲೆ ತೀರಿಸುತ್ತಿದ್ದ. ದನಿ ದೂರವಾಯಿತು. ಇನ್ನೂ ದೂರವಾಯಿತು.

ಆಚೆ ದಂಡೆಯಲ್ಲಿ ಹುಂಜ ಗಾಬರಿಬಿದ್ದು ಒಂದೇ ಉಸಿರಿಗೆ ಮೂರು ಸಲ ಕೂಗಿತು. ಮರುಗಳಿಗೆ ಪಟಪಟ ರೆಕ್ಕೆಯ ಸದ್ದು! ಹಳ್ಳ ಹಾರಿ ಬಂದು ಓಪಲ್‌ಳಿಂದ ಮೂವತ್ತು ಹೆಜ್ಜೆಯಾಚೆ ಇಳಿಯಿತು. ಕೆಂಪು ನೀಲಿ ತಲೆ ಎತ್ತಿ, ಬಾಲ ಬಿಚ್ಚಿ, ಕೈಬಿಟ್ಟು ಹೋಗುತ್ತಿರುವ ಹೆಣ್ಣೆಲ್ಲಿ ಎಂದು ಗುಡ್ಡದ ಕಡೆಗೇ ನೋಡಿತು. ಓಪಲ್‌ಳ ಮೊಣಕಾಲ ಮೇಲಿದ್ದ ಕೋವಿ ಅಲುಗಲಿಲ್ಲ.

ಢಂ!

ಹರ್ಶೆಲ್ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಹಕ್ಕಿ ನೋಡಿದ, ಅಕ್ಕನ ಗಡಿಯಾರ ನೋಡಿದ. ಹನ್ನೆರಡೂ ನಲವತ್ತೊಂದು.

"ಹೊಡೆದ್ಯಾ! ಅಯ್ಯೋ ನನ್ನಕ್ಕ, ಹೊಡೆದೇಬಿಟ್ಯಾ! ಹೇಗೆ ಬಂತು ಇದು?"

"ನೀನು ಬಿಟ್ಟು ಹೋಗ್ತಿದೀಯ ಅಂತ..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹರ್ಶೆಲ್ ಎಲೆಗಳ ಮೇಲೆ ಕುಸಿದು ಕೂತ.

"ಅಕ್ಕಾ... ಅಪ್ಪಂಗೆ ಸಿಟ್ಟು ಬಂದಿರ್ಲೇ ಇಲ್ಲ."

"ಒಂದು ಸಲಾನೂ ಬಂದಿರ್ಲಿಲ್ಲ ಕಣೋ."

"ಎಷ್ಟು ಅತ್ತಿದೀನಿ ನಾನು ಆ ಟ್ರಕ್ಕಲ್ಲಿ! ಥೂ ಕಳ್ಳರಾ, ಒಂದು ಮಾತು ಹೇಳಬಾರದಿತ್ತಾ!"

ಓಪಲ್ ನಗಲು ಶುರುಮಾಡಿದವಳು ನಿಲ್ಲಿಸಲಾಗದೆ ಹೊಟ್ಟೆ ಹಿಡಿದುಕೊಂಡಳು. ಹರ್ಶೆಲ್ ನಗುತ್ತಲೇ ಕಣ್ಣೊರೆಸಿಕೊಂಡ. ಅರವತ್ತು ವರ್ಷದ ಹಿಂದಿನ ಅಳು ಆಗ ಮುಗಿಯಿತು.

"ನಾನು ಅಂದ ಮಾತು ಮನಸ್ಸಲ್ಲಿಟ್ಕೋಬೇಡ ಮಾರಾಯ," ಎಂದಳು ಓಪಲ್.

"ಏ, ಆ ಮಾತಿಲ್ದೆ ಹಕ್ಕಿ ಎಲ್ಲಿ ಬರ್ತಿತ್ತು?" ಅವನು ಪೆಟ್ಟಿಗೆಯನ್ನು ಅವಳ ಮಡಿಲಲ್ಲಿಟ್ಟ. ಓಪಲ್ ಅಪ್ಪನ ಹೆಬ್ಬೆಟ್ಟಿನ ಕುಳಿಯಲ್ಲಿ ತನ್ನ ಹೆಬ್ಬೆಟ್ಟಿಟ್ಟು ನೋಡಿದಳು. ಸರಿಯಾಗಿ ಕೂತಿತು.

"ಮುಂದಿನ ವರ್ಷ ಕೊನೇ ದಿನ ನಾನು ಕರೀಬೇಕು," ಎಂದಳು. "ಅಂದ್ರೆ ಎದ್ದು ಹೋಗೋಳು ನಾನು. ನೀನು ಒಬ್ನೇ ಮರದ ಬುಡದಲ್ಲಿ ಕೂತಿರ್ತೀಯೇನೋ?"

"ಕೂತಿರದೆ ಏನು? ಅಲ್ಲಾಡದೆ ಕೂತಿರ್ತೀನಿ," ಎಂದ ಹರ್ಶೆಲ್. ಹಾಗೆನ್ನುವಾಗಲೇ ಅವನು ಎದ್ದು ನಿಂತಾಗಿತ್ತು.