ತೊಡೆಯ ಮೇಲಿನ ಪೆಟ್ಟಿಗೆ

ಚಿಕ್ಕಪ್ಪ ನಡೆಯುವಾಗ ಎಡಗೈ ಧಾರಾಳವಾಗಿ ಬೀಸುತ್ತದೆ. ಬಲಗೈ ಮಾತ್ರ, ಬರಿದಾಗಿದ್ದಾಗಲೂ, ತುಂಬಿದ ಕೊಡ ಹಿಡಿದಂತೆ ಮೈಗೆ ಅಂಟಿಕೊಂಡೇ ಇರುತ್ತದೆ. ಚಿತ್ರಕಲೆಯ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಅವರು ಹಿಡಿದ ಕೆಲಸ ಉಳಿಸಿದ ಗುರುತು ಅದು. ಒಂದು ಊರಿನಲ್ಲಿ ಯಾರೋ ದಾನ ಮಾಡಿದ ಅಸ್ಥಿಮಜ್ಜೆಯನ್ನು ತಂಪುಪೆಟ್ಟಿಗೆಯಲ್ಲಿಟ್ಟು, ವಿಮಾನದಲ್ಲಿ ಹೋಗಿ, ಇನ್ನೊಂದು ದೂರದ ಊರಿನ ಆಸ್ಪತ್ರೆಗೆ ಮುಟ್ಟಿಸುವುದು. ಸಂಬಳವಿಲ್ಲ. ಕೊಟ್ಟವರು ಯಾರು, ಪಡೆಯುವವರು ಯಾರು ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಚಿಕ್ಕಮ್ಮನಿಗೆ ಮೊದಲಿನಿಂದಲೂ ದಿಗಿಲು. "ತರಕಾರಿ ಚೀಲಾನ ಬಸ್ಸಲ್ಲೇ ಬಿಟ್ಟು ಬರೋ ಮನುಷ್ಯ! ಇವರ ಕೈಗೆ ಒಂದು ಜೀವ ಕೊಡ್ತಾರಲ್ಲ, ಕೊಡೋರಿಗಾದ್ರೂ ತಲೆ ಬೇಡ್ವಾ?"

"ತರಕಾರಿ ಇನ್ನೊಂದ್ಸಲ ತರಬಹುದಲ್ಲೇ," ಎನ್ನುತ್ತಿದ್ದರು ಚಿಕ್ಕಪ್ಪ.

ಪ್ರಯಾಣ ಗೊತ್ತಾದೊಡನೆ ಚಿಕ್ಕಮ್ಮ ಊಟದ ಮೇಜಿನ ಮೇಲೆ ಭೂಪಟ ಹರಡಿ ಎರಡು ಊರುಗಳ ನಡುವೆ ಗೇಣು ಹಾಕುವರು.

"ಎಷ್ಟು ದೂರ?"

"ಏಳು ಗಂಟೆ."

"ನಾನು ಕೇಳಿದ್ದು ದೂರ."

"ಪೆಟ್ಟಿಗೆಗೆ ದೂರ ಗೊತ್ತಾಗಲ್ಲ ಕಣೇ. ಹೊತ್ತು ಮಾತ್ರ ಗೊತ್ತಾಗತ್ತೆ."

ಆ ಹೊತ್ತಷ್ಟನ್ನೂ ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕಳೆಯುತ್ತಾರೆ. ನಿದ್ದೆ ಬಾರದಿರಲೆಂದು ಮಗ್ಗಿ ಗುನುಗುತ್ತಾರೆ. ಏಳಬೇಕಾದೀತೆಂದು ನೀರನ್ನೂ ಗುಟುಕು ಲೆಕ್ಕದಲ್ಲಿ ಕುಡಿಯುತ್ತಾರೆ.

ಕಳೆದ ಚಳಿಗಾಲದಲ್ಲಿ, ಬೆಳಗಿನ ಹೊತ್ತು, ದಾರಿಯಲ್ಲಿದ್ದ ಚಿಕ್ಕಪ್ಪನ ಫೋನು ಬಂತು. "ಮಂಜಂತೆ. ಅಲ್ಲಿ ಇಳಿಯೋಕಾಗದೆ ಹಿಂದಿನ ಊರಲ್ಲೇ ಇಳಿಸಿದಾರೆ. ಯಾವಾಗ ಹೊರಡತ್ತೋ ಯಾರಿಗೂ ಗೊತ್ತಿಲ್ಲ."

ರೋಗಿಯ ಸ್ವಂತ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಅಳಿಸಿ, ಇದಕ್ಕಾಗಿಯೇ ಕಾಯಿಸುತ್ತಿರುತ್ತಾರೆಂದು ಚಿಕ್ಕಮ್ಮನಿಗೆ ತಿಳಿದಿತ್ತು. ಇದು ತಲುಪದಿದ್ದರೆ ಹಿಂದಕ್ಕೆ ದಾರಿಯಿಲ್ಲ. ಅಂದು ಅವರು ಗದರಲಿಲ್ಲ.

"ರಸ್ತೆ ಇಲ್ವಾ?"

"ಇದೆ. ವಿಮಾನಕ್ಕೆ ಅರ್ಧ ಗಂಟೆ; ಕಾರಲ್ಲಾದ್ರೆ ಸಂಜೆಯಾಗತ್ತೆ. ಅಷ್ಟರಲ್ಲಿ ಮಂಜು ಕರಗಿದ್ರೆ?"

"ಕರಗದಿದ್ರೆ?"

ಚಿಕ್ಕಪ್ಪ ಆಸ್ಪತ್ರೆಯವರನ್ನು ಕೇಳಿದರು. ಪೆಟ್ಟಿಗೆಯ ತಂಪು ಸಂಜೆಯವರೆಗೂ ಉಳಿಯುತ್ತದೆ, ಹೊರಟುಬಿಡಿ ಎಂದರು ಅವರು. ಕಾರು ಹೊರಟಿತು.

ಇಲ್ಲಿ ಚಿಕ್ಕಮ್ಮ ಇಸ್ತ್ರಿಯಾದ ಬಟ್ಟೆಗಳಿಗೇ ಮತ್ತೆ ಇಸ್ತ್ರಿ ಹಾಕಿದರು. ಒಲೆ ಹಚ್ಚಿದರು, ಆರಿಸಿದರು. ಭೂಪಟದಲ್ಲಿ ಉಳಿದ ದಾರಿ ಗೇಣಿಗೂ ಸಿಗದಷ್ಟು ಚಿಕ್ಕದು, ಹೆಬ್ಬೆರಳಿಟ್ಟರೆ ಮುಚ್ಚಿಹೋಗುತ್ತಿತ್ತು. ಆ ಹೆಬ್ಬೆರಳಡಿಯ ಮಂಜಿನಲ್ಲಿ ಒಂದು ಕಾರು ತಡವರಿಸುತ್ತಿತ್ತು.

ಸಂಜೆ ಫೋನು ಮೊಳಗಿತು. "ಕೊಟ್ಟೆ ಕಣೇ. ದಾದಿ ಎರಡೂ ಕೈಲಿ ಇಸ್ಕೊಂಡ್ಲು. ಇಲ್ಲೇ ಬಾಗಿಲ ಹತ್ರ ಕೂತಿದೀನಿ, ಕಾಲೇ ಬರ್ತಿಲ್ಲ."

"ಕೂತಿರಿ. ಏನಾದ್ರೂ ತಿಂದು ನಿಧಾನವಾಗಿ ಬನ್ನಿ. ಇನ್ನೇನು ಅವಸರ!" ಎಂದ ಚಿಕ್ಕಮ್ಮನಿಗೆ ಬೆಳಗಿನಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಉಸಿರು ಅಳುವೋ ನಗುವೋ ತಿಳಿಯದಂತೆ ಹೊರಬಂತು. ಸದ್ದು ಕೇಳಿ ಪಕ್ಕದ ಮನೆಯಾಕೆ ಓಡಿಬಂದರು.

"ಯಾಕ್ರೀ, ಯಾರಿಗೆ ಹುಷಾರಿಲ್ಲ?"

"ಗೊತ್ತಿಲ್ಲ ರೀ," ಕಣ್ಣೊರೆಸಿಕೊಂಡರು ಚಿಕ್ಕಮ್ಮ. "ಯಾರಾದ್ರೂ ಸರಿ, ಇನ್ನು ಹುಷಾರಾಗಲಿ."

ಲೋಕ ದಾನಿಯನ್ನು ಹೊಗಳುತ್ತದೆ, ವೈದ್ಯರಿಗೆ ಕೈಮುಗಿಯುತ್ತದೆ. ಅವರಿಬ್ಬರ ನಡುವಿನ ಆಕಾಶವನ್ನು ನಿದ್ದೆಗೆಟ್ಟು ದಾಟುವವರ ಸಂತತಿಯೇ ಬೇರೆ. ತಮ್ಮದಲ್ಲದ್ದನ್ನು ಹೆತ್ತವರಂತೆ ಹೊತ್ತು, ಮುಟ್ಟಿಸಿದ ಮರುಕ್ಷಣವೇ ಅದರ ಮೇಲಿನ ಹಕ್ಕು ಬಿಟ್ಟು ಹಿಂದಿರುಗಬಲ್ಲವರು ಅವರು. ಅಂಥವರು ಮನೆಗೆ ಮರಳಿದಾಗ, ಏನನ್ನೂ ಕೇಳದೆ, ಕಿಟಕಿಯ ಪರದೆ ಎಳೆದು, ಮಲಗಲು ಬಿಡುವುದೇ ನಾವು ಸಲ್ಲಿಸಬಹುದಾದ ಗೌರವ.