ಸಕ್ಕರೆ ಕಾಯಿಲೆಯ ಸೂಜಿ

ಹೇಳಿದರೆ ಶಟ್ಟೆಪ್ಪ ಇನ್ನು ಈ ಕೋಣೆಯ ಮೆಟ್ಟಿಲು ಹತ್ತುವುದಿಲ್ಲ. ಹೇಳದಿದ್ದರೆ? ನಿಜಗುಣಪ್ಪನ ಕಣ್ಣು ಶಟ್ಟೆಪ್ಪನ ಹೆಂಡತಿ ಕರೆವ್ವನ ಹೆಬ್ಬೆರಳಿನ ಮೇಲೆಯೇ ನಿಂತಿತ್ತು. ಅಲ್ಲಿ ಸಾಸಿವೆಯಷ್ಟು ರಕ್ತ.

ಗಂಡ ಕೊಟ್ಟು ಕಳಿಸಿದ ಹಳೆಯ ಸೂಜಿಯನ್ನು ಅವಳು ಸೆರಗಿನಲ್ಲಿ ಗಂಟು ಕಟ್ಟಿ ತಂದಿದ್ದಳು. ಬಿಚ್ಚುವಾಗ ಚುಚ್ಚಿತ್ತು. ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಮೇಜಿನ ಮೇಲಿಟ್ಟು ಹಿಂದೆ ಸರಿದಳು.

"ಅವರ ಕಬ್ಬಿನ ಲಾರಿ ಫ್ಯಾಕ್ಟರಿ ಮುಂದ ಪಾಳಿಗಿ ನಿಂತೈತ್ರಿ ಅಣ್ಣಾರ. ಹಳೀದ ಕೊಟ್ಟು ಹೊಸಾದ ಇಸ್ಕೊಂಡ ಬಾ ಅಂದ್ರು. ಸಕ್ಕರಿ ಬ್ಯಾನಿ ಹತ್ತಿ ಎರಡ ವರ್ಷ ಆತಲ್ರಿ."

ಎಂ.ಕೆ. ಹುಬ್ಬಳ್ಳಿಯಲ್ಲಿ ಈ ಕೋಣೆ ತೆರೆದು, ಆ ೨೦೦೭ರ ಜನವರಿಗೆ, ಎಂಟು ತಿಂಗಳಾಗಿತ್ತು. ನಶೆಯ ಇಂಜೆಕ್ಷನ್ ಚುಚ್ಚಿಕೊಳ್ಳುವವರು ಹಳೆಯ ಸೂಜಿ ತಂದರೆ ಹೊಸದು ಕೊಡುವುದು ನಿಜಗುಣಪ್ಪನ ಕೆಲಸ. ಒಬ್ಬರ ಸೂಜಿ ಇನ್ನೊಬ್ಬರ ಮೈಗೆ ಹೋಗಬಾರದು. ಬಂದವರ ಗುಟ್ಟು ಹೊರಗೆ ಹೋಗಬಾರದು. ಆ ಮಾತನ್ನು ನಂಬಿಯೇ ಅವರು ಬರುತ್ತಿದ್ದರು. ಶಟ್ಟೆಪ್ಪ ಮೊದಲೆಲ್ಲ ಇಬ್ಬರ ಜೊತೆ ಒಂದೇ ಸೂಜಿ ಬಳಸಿದ್ದ. ಅವರಲ್ಲೊಬ್ಬನ ರಕ್ತದಲ್ಲಿ ಎಚ್‌ಐವಿ ಸಿಕ್ಕಿತ್ತು. ನೀನೂ ಪರೀಕ್ಷೆ ಮಾಡಿಸು ಎಂದರೆ, ಕಬ್ಬಿನ ಹಂಗಾಮು ಮುಗಿಯಲಿ ಎನ್ನುತ್ತಿದ್ದ.

ಬೆಂಚಿನ ಮೇಲೆ ಕೋಣೆಯ ಮಾಲೀಕ ಅಂದಾನೆಪ್ಪ ಕುಳಿತಿದ್ದರು. ಕೋಣೆ ಬಿಡಿಸಲೆಂದೇ ಬಂದವರು. "ಕುಡ್ಯಾಂವಗ ಗ್ಲಾಸ್ ತೊಳದ ಕೊಟ್ಟಂಗಾತಲ್ಲೊ ತಮ್ಮಾ ನಿನ್ನ ಸೇವಾ," ಎಂದು ಆಗಲೇ ಒಮ್ಮೆ ಕುಟುಕಿದ್ದರು. ಈಗ ಕರೆವ್ವನ ಕಡೆ ತಿರುಗಿದರು.

"ಯಾರ ಪೈಕಿ ಬೇ ನೀ?"

ಅವಳು ಬಾಯಿ ತೆರೆಯುವ ಮೊದಲೇ ನಿಜಗುಣಪ್ಪ ಅವಳನ್ನು ಹಿತ್ತಲಿನ ನಳದ ಬಳಿ ಕರೆದೊಯ್ದ. ಸಾಬೂನು ಕೊಟ್ಟು ಬೆರಳು ತೊಳೆಯಲು ಹೇಳಿದ. ಸಾಕೆಂದರೂ ಬಿಡಲಿಲ್ಲ. ಕೌದಿ ಹೊಲಿಯುವಾಗ ದಿನವೂ ಚುಚ್ಚುತ್ತದೆ, ಇಷ್ಟಕ್ಕೆಲ್ಲ ಹೀಗೆ ತೊಳೆಯಬೇಕೇ ಎಂದು ಅವಳು ನಕ್ಕಳು.

"ಮನ್ಯಾಗ ಬೆಲ್ಲಾ ತರೂದ ಬಿಟ್ಟೇನ್ರಿ. ಸಂಕ್ರಾಂತಿಗಿ ಸಿಹಿ ಮಾದಲಿನೂ ಮಾಡಲಿಲ್ಲ. ಅವರಿಗಿ ಸಕ್ಕರಿ ಇಳದೈತೇನ್ರಿ?"

ನಿಜಗುಣಪ್ಪ ನಳ ನಿಲ್ಲಿಸಿದ.

"ಬೈಲಹೊಂಗಲ ದೊಡ್ಡ ದವಾಖಾನಿಗಿ ಹೋಗು ತಂಗಿ. ಸೂಜಿ ಚುಚ್ಚೇತಿ ಅಂತ ಹೇಳಿ ರಕ್ತಾ ತೋರಸು. ಚೀಟಿ ಬರದ ಕೊಡತೇನಿ. ನಾಳಿ ಅನಬ್ಯಾಡ, ಇವತ್ತ ಹೋಗು."

"ಯಾಕ್ರಿ?"

ಬಾಗಿಲಲ್ಲಿ ಅಂದಾನೆಪ್ಪನವರ ನೆರಳು ಬಿತ್ತು.

"ಸೂಜಿಗಿ ತುಕ್ಕ ಹಿಡದಿತ್ತು," ಎಂದ ನಿಜಗುಣಪ್ಪ.

ಒಳಗೆ ಬಂದ ಕರೆವ್ವ ಮೇಜಿನ ಕಡೆ ನೋಡಿದಳು. ತಾನು ತಂದ ಸೂಜಿ ಕಿಟಕಿಯ ಬಿಸಿಲಿಗೆ ಹೊಳೆಯುತ್ತಿತ್ತು. ತುಕ್ಕಿನ ಕಲೆ ಎಲ್ಲೂ ಇರಲಿಲ್ಲ. ಅವನು ಚೀಟಿ ಬರೆದು, ಪಕ್ಕದಲ್ಲಿ ಹೊಸ ಸೂಜಿಯ ಪೊಟ್ಟಣ ಇಟ್ಟ. ಅವಳು ಚೀಟಿಯೊಂದನ್ನೇ ತೆಗೆದುಕೊಂಡು ಬಸ್ಸು ನಿಲ್ಲುವ ಕಡೆಗೆ ನಡೆದಳು.

ಗಂಡನಿಗೆ ಸಕ್ಕರೆ ಕಾಯಿಲೆ ಇಲ್ಲವೆಂದು ನಿಜಗುಣಪ್ಪ ಅವಳಿಗೆ ಎಂದೂ ಹೇಳಲಿಲ್ಲ.